ಎಳೆಯುವ ಬಲ, ತಡೆಯುವ ಬಲ

ಇಂಗ್ಲೆಂಡಿನ ನಾರ್ತ್ ಯಾರ್ಕ್‌ಷೈರ್ ಪ್ರಾಂತ್ಯದಲ್ಲಿ ಎ170 ಎಂಬ ಹೆದ್ದಾರಿಯಿದೆ. ಅದು ಸಟನ್ ಬ್ಯಾಂಕ್ ಎಂಬ ಗುಡ್ಡವನ್ನು ಹತ್ತುವಲ್ಲಿ ರಸ್ತೆ ತೀರಾ ಕಡಿದಾಗುತ್ತದೆ. ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವಷ್ಟು ಏರು. ಅಲ್ಲಿ ಲಾರಿಗಳು ಹತ್ತುತ್ತವೆ, ಬಸ್ಸುಗಳು ಹತ್ತುತ್ತವೆ. ಆದರೆ ಕ್ಯಾರವಾನ್ ಎಳೆಯುವ ಕಾರುಗಳಿಗೆ ಮಾತ್ರ ಪ್ರವೇಶವಿಲ್ಲ. ಎಷ್ಟೇ ದುಬಾರಿ ಕಾರಾಗಿರಲಿ, ಹಿಂದೆ ಕ್ಯಾರವಾನ್ ಇದ್ದರೆ ಸುತ್ತು ಹಾಕಿಕೊಂಡು ಬೇರೆ ದಾರಿಯಲ್ಲಿ ಹೋಗಬೇಕು.

ಲಾರಿಗೆ ಬಿಡುವ ದಾರಿಯನ್ನು ಕಾರಿಗೆ ಮುಚ್ಚಿದ್ದು ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಭಾರ ಎಳೆಯುವ ಭೌತಶಾಸ್ತ್ರದ ಮುಕ್ಕಾಲು ಪಾಲು ತಿಳಿದಂತಾಗುತ್ತದೆ. ಬ್ರಿಟನ್ನಿನಲ್ಲಿ ಈ ಲೆಕ್ಕ ಅನೇಕರಿಗೆ ಬೇಕಾಗುತ್ತದೆ. ಅಲ್ಲಿನ ಮಧ್ಯಮ ವರ್ಗದ ಕುಟುಂಬಗಳು ಬೇಸಿಗೆ ಬಂತೆಂದರೆ ಮಂಚ, ಒಲೆ, ನೀರಿನ ಟ್ಯಾಂಕು ಎಲ್ಲ ಇರುವ ಚಕ್ರದ ಮನೆಯನ್ನು, ಅಂದರೆ ಕ್ಯಾರವಾನನ್ನು, ಕಾರಿನ ಹಿಂದೆ ಕಟ್ಟಿಕೊಂಡು ಕಾರ್ನ್‌ವಾಲ್‌ಗೋ ವೇಲ್ಸ್‌ಗೋ ಹೊರಡುತ್ತವೆ. ಕುದುರೆ ಸಾಕಿದವರು, ದೋಣಿ ಇರುವವರು, ಕುರಿ ಸಾಗಿಸುವ ರೈತರು ವರ್ಷವಿಡೀ ಟ್ರೇಲರ್ ಎಳೆಯುತ್ತಾರೆ. ಹೊಸ ಕಾರು ಕೊಳ್ಳುವಷ್ಟು ಹಣ ಎಲ್ಲರಲ್ಲೂ ಇರುವುದಿಲ್ಲ. ಹಾಗಾದರೆ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಏನು ನೋಡಬೇಕು?

ಹೆಚ್ಚಿನವರು ಮೊದಲು ಕೇಳುವುದು ಎಂಜಿನ್ನಿನ ಅಶ್ವಶಕ್ತಿಯನ್ನು. ಅದನ್ನು ಕೊನೆಗೆ ಕೇಳಿದರೂ ನಡೆಯುತ್ತದೆ ಎಂಬುದೇ ಈ ಅಧ್ಯಾಯದ ವಾದ. ಎಳೆಯುವ ಶಕ್ತಿ ಅಗ್ಗವಾಗಿ ಸಿಗುತ್ತದೆ. ನಿಜವಾಗಿ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ನೆಲವನ್ನು ಹಿಡಿಯುವ, ಗಾಡಿಯನ್ನು ನೇರವಾಗಿ ಇಟ್ಟುಕೊಳ್ಳುವ ಮತ್ತು ತಡೆದು ನಿಲ್ಲಿಸುವ ಶಕ್ತಿಯನ್ನು.

ಅಶ್ವಶಕ್ತಿ ಎಷ್ಟು ಸಾಕು?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜನ, ಸಾಮಾನು ಸೇರಿ ಕಾರಿನ ತೂಕ 2,000 ಕೆಜಿ. ತುಂಬಿದ ಕ್ಯಾರವಾನ್ 1,500 ಕೆಜಿ. ಒಟ್ಟು ಮೂರೂವರೆ ಟನ್. ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 90 ಕಿಮೀ ವೇಗದಲ್ಲಿ ಹೋಗುವಾಗ ಎಂಜಿನ್ ಎರಡು ಅಡೆತಡೆಗಳ ವಿರುದ್ಧ ದುಡಿಯಬೇಕು. ಟೈರುಗಳು ಉರುಳುವಾಗಿನ ಪ್ರತಿರೋಧ ಸುಮಾರು 400 ನ್ಯೂಟನ್. ಕ್ಯಾರವಾನಿನ ಅಗಲವಾದ ಮುಖಕ್ಕೆ ಬಡಿಯುವ ಗಾಳಿಯ ತಡೆ ಸುಮಾರು 1,100 ನ್ಯೂಟನ್. ಎರಡೂ ಸೇರಿ 1,500 ನ್ಯೂಟನ್. ಸೆಕೆಂಡಿಗೆ 25 ಮೀಟರ್ ವೇಗದಿಂದ ಗುಣಿಸಿದರೆ 37.5 ಕಿಲೋವಾಟ್, ಅಂದರೆ ಸುಮಾರು 50 ಅಶ್ವಶಕ್ತಿ. ನೂರಕ್ಕೆ ಆರರ ಏರಿನಲ್ಲಿ ಗಂಟೆಗೆ 80 ಕಿಮೀ ವೇಗ ಕಾಯ್ದುಕೊಳ್ಳಲು ಬೇಕಾಗುವುದು ನೂರು ಅಶ್ವಶಕ್ತಿ. ಇಂದು ಬಳಸಿದ ಕಾರುಗಳ ಸಂತೆಯಲ್ಲಿ ಸಿಗುವ ಸಾಧಾರಣ ಎರಡು ಲೀಟರಿನ ಡೀಸೆಲ್ ಎಂಜಿನ್ ಕೂಡ 140 ಅಶ್ವಶಕ್ತಿ ಕೊಡುತ್ತದೆ. ಲೆಕ್ಕ ಅಲ್ಲಿಗೇ ಮುಗಿಯಿತು.

ಆದರೆ ಅಶ್ವಶಕ್ತಿ ಎಂಬುದು ಎಂಜಿನ್ ವೇಗವಾಗಿ ತಿರುಗುವಾಗ ಸಿಗುವ ಗರಿಷ್ಠ ಅಂಕಿ. ನಿಂತ ಗಾಡಿಯನ್ನು ಹೊರಡಿಸುವಾಗ ಎಂಜಿನ್ ನಿಧಾನವಾಗಿ ತಿರುಗುತ್ತಿರುತ್ತದೆ. ಆಗ ಬೇಕಾಗುವುದು ಟಾರ್ಕ್, ಅಂದರೆ ದಂಡವನ್ನು ತಿರುಚುವ ಬಲ. ಟರ್ಬೋ ಇರುವ ಡೀಸೆಲ್ ಎಂಜಿನ್ನುಗಳಿಗೆ ಹೆಸರು ಬಂದಿರುವುದು ಇದರಿಂದಲೇ. ಹತ್ತು ಹನ್ನೆರಡು ವರ್ಷಗಳ ಹಿಂದಿನ ಸ್ಕೋಡಾ ಆಕ್ಟೇವಿಯಾದ 140 ಅಶ್ವಶಕ್ತಿಯ ಡೀಸೆಲ್ ಎಂಜಿನ್ ನಿಮಿಷಕ್ಕೆ 1,750 ಸುತ್ತಿನಲ್ಲೇ 320 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ. ಟರ್ಬೋ ಇಲ್ಲದ ಅದೇ ಗಾತ್ರದ ಪೆಟ್ರೋಲ್ ಎಂಜಿನ್ನಿನಲ್ಲಿ ಸಿಗುವುದು 200ರ ಆಸುಪಾಸು, ಅದೂ 4,000 ಸುತ್ತಿನ ಹತ್ತಿರ. ಏರಿನಲ್ಲಿ ಅಂಥ ಕಾರನ್ನು ಹೊರಡಿಸಬೇಕಾದರೆ ಎಂಜಿನ್ ಅರಚಿಸಿ ಕ್ಲಚ್ ಸುಡಬೇಕು.

ಟೈರು ಜಾರಿದರೆ ಟಾರ್ಕ್ ಏನು ಮಾಡೀತು?

ಈಗ ಸಟನ್ ಬ್ಯಾಂಕಿಗೆ ಬರೋಣ. ಅಂಥ ಏರಿನಲ್ಲಿ ನಮ್ಮ ಮೂರೂವರೆ ಟನ್ ಗಾಡಿಯನ್ನು ಗುರುತ್ವ ಹಿಂದಕ್ಕೆ ಎಳೆಯುವ ಬಲ ಸುಮಾರು 8,300 ನ್ಯೂಟನ್, ಅಂದರೆ ಹತ್ತಿರಹತ್ತಿರ 850 ಕೆಜಿ ತೂಕದಷ್ಟು. ಮೇಲೆ ಹೇಳಿದ ಡೀಸೆಲ್ ಎಂಜಿನ್ ಮೊದಲ ಗೇರಿನಲ್ಲಿ ಚಕ್ರಗಳಿಗೆ 11,000 ನ್ಯೂಟನ್ನಿಗಿಂತ ಹೆಚ್ಚು ಬಲ ಕೊಡಬಲ್ಲದು. ಎಂಜಿನ್ ಸೋಲುವುದಿಲ್ಲ. ಸೋಲುವುದು ಟೈರು.

ಹೆಚ್ಚಿನ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಎರಡು ಚಕ್ರಗಳನ್ನು ಮಾತ್ರ. ಸಮತಟ್ಟಿನಲ್ಲಿ 2,000 ಕೆಜಿ ಕಾರಿನ ಅರ್ಧ ಭಾರ, ಅಂದರೆ 1,000 ಕೆಜಿ, ಮುಂದಿನ ಚಕ್ರಗಳ ಮೇಲಿರುತ್ತದೆ ಎನ್ನೋಣ. ಏರಿನಲ್ಲಿ ಸುಮಾರು 100 ಕೆಜಿ ಹಿಂದಕ್ಕೆ ಸರಿಯುತ್ತದೆ. ಕ್ಯಾರವಾನ್ ಹಿಂದಕ್ಕೆ ಜಗ್ಗುವುದರಿಂದ ಇನ್ನೊಂದು 50 ಕೆಜಿ. ಮೇಲಾಗಿ ಕ್ಯಾರವಾನಿನ ಮೂತಿ ಕಾರಿನ ಕೊಂಡಿಯ ಮೇಲೆ 100 ಕೆಜಿ ಭಾರ ಹೇರಿರುತ್ತದೆ. ಆ ಕೊಂಡಿ ಇರುವುದು ಹಿಂದಿನ ಅಚ್ಚಿನಿಂದ ಒಂದು ಮೀಟರಿಗಿಂತ ತುಸು ಆಚೆ. ಹಿಂದಿನ ಅಚ್ಚನ್ನು ಆಧಾರವಾಗಿಸಿಕೊಂಡು ಅದು ಸನ್ನೆಗೋಲಿನಂತೆ ಕೆಲಸ ಮಾಡಿ ಮುಂದಿನ ಚಕ್ರಗಳ ಮೇಲಿಂದ 40 ಕೆಜಿಯನ್ನು ಎತ್ತಿಬಿಡುತ್ತದೆ. ಎಲ್ಲ ಕಳೆದು ಮುಂದಿನ ಚಕ್ರಗಳ ಮೇಲೆ ಉಳಿಯುವುದು ಸುಮಾರು 800 ಕೆಜಿ. 800 ಕೆಜಿ ಒತ್ತುವ ಟೈರು 850 ಕೆಜಿಯಷ್ಟು ಎಳೆಯಬೇಕಾದರೆ ಘರ್ಷಣಾಂಕ ಒಂದನ್ನು ಮೀರಬೇಕು. ಒಣಗಿದ ಒಳ್ಳೆಯ ಡಾಂಬರಿನಲ್ಲೂ ಸಾಮಾನ್ಯ ಟೈರಿಗೆ ಅಷ್ಟು ಹಿಡಿತವಿರುವುದಿಲ್ಲ. ಮಳೆ ಬಿದ್ದರೆ ಕೇಳುವುದೇ ಬೇಡ. ಚಕ್ರ ಗಿರ್ರನೆ ತಿರುಗುತ್ತದೆ, ಗಾಡಿ ನಿಲ್ಲುತ್ತದೆ. ಆಮೇಲೆ ಹಿಂದಿನ ವಾಹನಗಳ ಸಾಲೂ ನಿಲ್ಲುತ್ತದೆ. ಸಟನ್ ಬ್ಯಾಂಕಿನ ನಿಷೇಧದ ಹಿಂದೆ ಇರುವುದು ಈ ಬಗೆಯ ಲೆಕ್ಕ.

ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಕಾರಿನಲ್ಲಿ ಇದೇ 850 ಕೆಜಿಯ ಎಳೆತವನ್ನು ಇಡೀ ಕಾರಿನ ಭಾರ ಹಂಚಿಕೊಳ್ಳುತ್ತದೆ. ಆಗ ಬೇಕಾಗುವ ಘರ್ಷಣಾಂಕ 0.4ರ ಆಸುಪಾಸು. ಒದ್ದೆ ಡಾಂಬರಿನಲ್ಲೂ ಅದು ಸಿಗುತ್ತದೆ. ಹಾಗಂತ ಎಲ್ಲರಿಗೂ ಫೋರ್ ವೀಲ್ ಡ್ರೈವ್ ಬೇಕೆಂದಲ್ಲ. ಹೆದ್ದಾರಿಯಲ್ಲಿ ಮಾತ್ರ ಓಡಿಸುವವರಿಗೆ ಮುಂಚಕ್ರದ ಕಾರೇ ಸಾಕು. ಒದ್ದೆ ಹುಲ್ಲಿನ ಬಯಲಿನಲ್ಲಿ ಕ್ಯಾರವಾನ್ ನಿಲ್ಲಿಸುವವರು, ಪಾಚಿಗಟ್ಟಿದ ಇಳಿಜಾರಿನಿಂದ ದೋಣಿ ಮೇಲೆಳೆಯುವವರು ಮಾತ್ರ ಇದಕ್ಕೆ ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥವಿದೆ.

ಫಲಕದ ನಾಲ್ಕು ಸಾಲು

ಕಾರಿನ ಬಾಗಿಲು ತೆರೆದರೆ ಕಂಬದ ಮೇಲೋ, ಬಾನೆಟ್ ಎತ್ತಿದರೆ ಒಳಗೋ ಅಂಗೈ ಅಗಲದ ಒಂದು ಫಲಕ ಕಾಣುತ್ತದೆ. ಅದರಲ್ಲಿ ಚಾಸಿ ನಂಬರಿನ ಕೆಳಗೆ ನಾಲ್ಕು ಸಾಲುಗಳಲ್ಲಿ ತೂಕಗಳಿರುತ್ತವೆ. ಮೊದಲನೆಯದು ತುಂಬಿದ ಕಾರು ತೂಗಬಹುದಾದ ಗರಿಷ್ಠ ತೂಕ. ಎರಡನೆಯದು ಕಾರು ಮತ್ತು ಟ್ರೇಲರ್ ಸೇರಿ ತೂಗಬಹುದಾದ ಗರಿಷ್ಠ. ಮೂರು ಮತ್ತು ನಾಲ್ಕನೆಯ ಸಾಲು ಮುಂದಿನ ಹಾಗೂ ಹಿಂದಿನ ಅಚ್ಚು ಹೊರಬಹುದಾದ ಭಾರ. ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಫಲಕದಲ್ಲಿ 2,600 ಮತ್ತು 4,850 ಎಂದಿದ್ದರೆ, ಪೂರ್ತಿ ತುಂಬಿದ ಕಾರು 2,250 ಕೆಜಿಯ ಟ್ರೇಲರನ್ನು ಎಳೆಯಬಲ್ಲದು. ಎರಡನೆಯ ಸಾಲು ಖಾಲಿಯಿದ್ದರೆ ಅಥವಾ ಸೊನ್ನೆ ಇದ್ದರೆ ಆ ಕಾರನ್ನು ಎಳೆಯುವುದಕ್ಕೆಂದು ತಯಾರಕರು ಒಪ್ಪಿಲ್ಲ ಎಂದರ್ಥ. ಮಾರುವವರು ಏನೇ ಹೇಳಲಿ, ಅಲ್ಲಿಂದ ನಮಸ್ಕಾರ ಹೇಳಿ ಹೊರಡಬೇಕು.

ಈ ಅಂಕಿ ಅಂದಾಜಿನದ್ದಲ್ಲ. ಯುರೋಪಿನ ನಿಯಮದ ಪ್ರಕಾರ, ಟ್ರೇಲರ್ ಕಟ್ಟಿದ ಕಾರು ನೂರಕ್ಕೆ 12ರ ಏರಿನಲ್ಲಿ ನಿಂತು, ಐದು ನಿಮಿಷದೊಳಗೆ ಐದು ಸಲ ಹೊರಡಬೇಕು. ಒಂದು ಸಲ ಹೊರಡಿಸುವುದು ದೊಡ್ಡದಲ್ಲ. ಐದನೆಯ ಸಲಕ್ಕೆ ಕ್ಲಚ್ಚಿನ ತಟ್ಟೆ ಕಾದು ಕೆಂಡವಾಗಿರುತ್ತದೆ. ಪರೀಕ್ಷೆ ನಡೆಯುವುದು ಎಂಜಿನ್ನಿಗಿಂತ ಹೆಚ್ಚಾಗಿ ಕ್ಲಚ್ಚಿಗೆ.

ಕಾನೂನಿನ ಮಾತಿಗೆ ಬಂದರೆ, ಬ್ರಿಟನ್ನಿನಲ್ಲಿ 1997ರ ಜನವರಿ 1ರಿಂದೀಚೆಗೆ ಲೈಸೆನ್ಸ್ ಪಡೆದವರೂ 2021ರ ಡಿಸೆಂಬರ್ 16ರಿಂದ ಬೇರೆ ಪರೀಕ್ಷೆಯಿಲ್ಲದೆ 3,500 ಕೆಜಿವರೆಗಿನ ಟ್ರೇಲರ್ ಎಳೆಯಬಹುದು. ಆದರೆ ಲೈಸೆನ್ಸ್ ಒಪ್ಪಿದ ಮಾತ್ರಕ್ಕೆ ಕಾರು ಒಪ್ಪುವುದಿಲ್ಲ. ಇದಲ್ಲದೆ ಅಲ್ಲಿನ ಕ್ಯಾರವಾನ್ ಸಂಘಗಳು ಹೊಸಬರಿಗೆ ಒಂದು ಸಲಹೆ ಕೊಡುತ್ತವೆ: ತುಂಬಿದ ಕ್ಯಾರವಾನಿನ ತೂಕ ಖಾಲಿ ಕಾರಿನ ತೂಕದ ನೂರಕ್ಕೆ 85ನ್ನು ಮೀರದಿರಲಿ. ಇದು ಕಾನೂನಲ್ಲ, ಅನುಭವದ ಮಾತು. ನಮ್ಮ 1,500 ಕೆಜಿ ಕ್ಯಾರವಾನಿಗೆ ಈ ಲೆಕ್ಕದಲ್ಲಿ ಸುಮಾರು 1,765 ಕೆಜಿಯ ಕಾರು ಬೇಕು. ಆಕ್ಟೇವಿಯಾ ಅಷ್ಟು ತೂಗುವುದಿಲ್ಲ. ಎಂಜಿನ್ ಸಾಕು, ಮೈತೂಕ ಸಾಲದು.

ಬಾಲ ತಲೆಯನ್ನು ಆಡಿಸಿದಾಗ

ಮೈತೂಕ ಯಾಕೆ ಬೇಕು? ಟ್ರೇಲರ್ ಕಾರಿಗೆ ಅಂಟಿಕೊಂಡಿರುವುದು 50 ಮಿಲಿಮೀಟರ್ ವ್ಯಾಸದ ಒಂದು ಉಕ್ಕಿನ ಗುಂಡಿನ ಮೇಲೆ. ಗುಂಡಿನ ಸುತ್ತ ಅದು ಅತ್ತಿತ್ತ ತಿರುಗಬಲ್ಲದು. ಪಕ್ಕದಲ್ಲಿ ಬಸ್ಸೊಂದು ಹಾದುಹೋದಾಗ ಅದರ ಗಾಳಿ ಕ್ಯಾರವಾನನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ಟೈರುಗಳು ಅದನ್ನು ಮತ್ತೆ ಸಾಲಿಗೆ ಎಳೆಯುತ್ತವೆ. ಅದು ಸಾಲು ದಾಟಿ ಇನ್ನೊಂದು ಪಕ್ಕಕ್ಕೆ ಹೋಗುತ್ತದೆ. ಇದು ಲೋಲಕದ ಓಲಾಟವೇ. ವೇಗ ಕಡಿಮೆ ಇದ್ದಾಗ ಎರಡು ಮೂರು ಸಲ ಓಲಾಡಿ ತಣ್ಣಗಾಗುತ್ತದೆ. ವೇಗ ಹೆಚ್ಚಿದಂತೆ ಓಲಾಟ ತಣಿಯುವುದು ತಡವಾಗುತ್ತದೆ. ಒಂದು ನಿರ್ದಿಷ್ಟ ವೇಗ ದಾಟಿದ ಮೇಲೆ ಅದು ತಣಿಯುವುದೇ ಇಲ್ಲ. ಪ್ರತಿ ಸಲವೂ ಹಿಂದಿನದಕ್ಕಿಂತ ಅಗಲವಾಗಿ ಬೀಸುತ್ತದೆ. ಗಾಡಿ ಮುಂದೆ ಓಡುತ್ತಿರುವ ಶಕ್ತಿಯೇ ಓಲಾಟಕ್ಕೆ ಉಣಿಸಾಗುತ್ತದೆ. ಕೊನೆಗೆ ಕ್ಯಾರವಾನ್ ಕಾರನ್ನೇ ಸುತ್ತಿಸಿ ಹಾಕುತ್ತದೆ. ಕಾರು ಹಗುರವಾಗಿದ್ದರೆ, ಚಕ್ರಗಳ ನಡುವಿನ ಅಂತರ ಗಿಡ್ಡವಾಗಿದ್ದರೆ, ಕೊಂಡಿ ಹಿಂದಿನ ಅಚ್ಚಿನಿಂದ ದೂರವಿದ್ದರೆ ಆ ಅಪಾಯದ ವೇಗ ಇನ್ನೂ ಕೆಳಗಿಳಿಯುತ್ತದೆ.

ಕ್ಯಾರವಾನಿನಲ್ಲಿ ಸಾಮಾನು ಎಲ್ಲಿಡುತ್ತೇವೆ ಎಂಬುದೂ ಕಾರಿನಷ್ಟೇ ಮುಖ್ಯ. 20 ಕೆಜಿಯ ಪೆಟ್ಟಿಗೆಯನ್ನು ಅಚ್ಚಿನಿಂದ ಅರ್ಧ ಮೀಟರ್ ದೂರದಲ್ಲಿಡುವ ಬದಲು ಎರಡೂವರೆ ಮೀಟರ್ ದೂರದಲ್ಲಿಟ್ಟರೆ, ಓಲಾಟಕ್ಕೆ ಅದು ಸೇರಿಸುವ ಜಡತ್ವ ಐದು ಪಟ್ಟಲ್ಲ, 25 ಪಟ್ಟು ಹೆಚ್ಚಾಗುತ್ತದೆ. ದೂರದ ವರ್ಗದಂತೆ ಅದು ಬೆಳೆಯುತ್ತದೆ. ಆದ್ದರಿಂದ ಭಾರವೆಲ್ಲ ಅಚ್ಚಿನ ಹತ್ತಿರ, ತಳದಲ್ಲಿ ಇರಬೇಕು. ಒಟ್ಟಿನಲ್ಲಿ ತೂಕ ಸ್ವಲ್ಪ ಮುಂದಕ್ಕೆ ವಾಲಿರಬೇಕು. ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹಿಂಭಾರವಾದರೆ ನೊಗ ಎತ್ತಿನ ಹೆಗಲಿನಿಂದ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಕತ್ತು ಸೋಲುತ್ತದೆ. ಬ್ರಿಟನ್ನಿನಲ್ಲಿ ಕ್ಯಾರವಾನಿನ ಮೂಕಿಭಾರ, ಅಂದರೆ ಅದರ ಮೂತಿ ಕಾರಿನ ಕೊಂಡಿಯ ಮೇಲೆ ಹೇರುವ ಭಾರ, ಒಟ್ಟು ತೂಕದ ನೂರಕ್ಕೆ 5ರಿಂದ 7 ಇರಲಿ ಎನ್ನುತ್ತಾರೆ. ಅಮೆರಿಕದಲ್ಲಿ 10ರಿಂದ 15 ಎನ್ನುವುದು ರೂಢಿ.

ಅಳೆಯುವುದು ಸುಲಭ. ಸಮತಟ್ಟಾದ ನೆಲದಲ್ಲಿ ಕ್ಯಾರವಾನ್ ನಿಲ್ಲಿಸಿ ಚಕ್ರಗಳಿಗೆ ಅಡ್ಡಗಲ್ಲು ಕೊಡಿ. ಮನೆಯಲ್ಲಿ ಮೈತೂಕ ನೋಡುವ ಯಂತ್ರವನ್ನು ಕೊಂಡಿಯ ಕೆಳಗಿಡಿ. ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ನೆಟ್ಟಗೆ ಒಂದು ಮರದ ತುಂಡು. ತುಂಡಿನ ಉದ್ದ ಕಾರಿಗೆ ಸಿಕ್ಕಿಸಿದಾಗ ಕೊಂಡಿ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟಕ್ಕೆ ಸರಿಹೋಗುವಂತಿರಲಿ. ಮುಂದಿನ ಪುಟ್ಟ ಚಕ್ರವನ್ನು ನಿಧಾನವಾಗಿ ಮೇಲೆತ್ತಿದರೆ ಭಾರವೆಲ್ಲ ಮರದ ತುಂಡಿನ ಮೇಲೆ ಕೂರುತ್ತದೆ. ಮುಳ್ಳು 75ರಿಂದ 105ರ ನಡುವೆ ನಿಂತರೆ ನಮ್ಮ 1,500 ಕೆಜಿ ಕ್ಯಾರವಾನಿಗೆ ಸರಿ. ಆದರೆ ಕಾರಿನ ಕೊಂಡಿಯ ಚೀಟಿಯಲ್ಲಿ 75 ಎಂದಷ್ಟೇ ಬರೆದಿದ್ದರೆ 75ಕ್ಕೇ ನಿಲ್ಲಬೇಕು. ಬಳಸಿದ ಕಾರು ಕೊಳ್ಳುವಾಗ ಈ ಚೀಟಿಯನ್ನು ನೋಡುವವರು ಕಡಿಮೆ.

ಓಲಾಟ ಶುರುವಾಗಿಯೇಬಿಟ್ಟರೆ? ಸ್ಟಿಯರಿಂಗ್ ತಿರುಗಿಸಿ ಸರಿಮಾಡಲು ಹೋಗಬಾರದು. ಓಲಾಟದ ಒಂದು ಸುತ್ತು ಸುಮಾರು ಎರಡು ಸೆಕೆಂಡಿನದು. ನಮ್ಮ ಕೈ ಸ್ಪಂದಿಸುವಷ್ಟರಲ್ಲಿ ಅದು ಅತ್ತ ತಿರುಗಿರುತ್ತದೆ. ನಾವು ತಡೆಯುವ ಬದಲು ತಳ್ಳಿದಂತಾಗುತ್ತದೆ. ಸ್ಟಿಯರಿಂಗನ್ನು ನೇರವಾಗಿ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯುವುದೊಂದೇ ದಾರಿ.

ಶಾಖವೆಂಬ ಸಾಲಗಾರ

ಗಂಟೆಗೆ 90 ಕಿಮೀ ವೇಗದಲ್ಲಿರುವ ಮೂರೂವರೆ ಟನ್ನನ್ನು ನಿಲ್ಲಿಸುವಾಗ ಬ್ರೇಕುಗಳು ನುಂಗಬೇಕಾದ ಶಕ್ತಿ ಸುಮಾರು 11 ಲಕ್ಷ ಜೂಲ್. ಮೂರು ಲೀಟರ್ ತಣ್ಣೀರನ್ನು ಕುದಿಸುವಷ್ಟು. ಅದೇ ಗಾಡಿ 300 ಮೀಟರ್ ಎತ್ತರದಿಂದ ಕಣಿವೆಗೆ ಇಳಿಯುವಾಗ ಬಿಡುಗಡೆಯಾಗುವುದು ಅದರ ಒಂಬತ್ತು ಪಟ್ಟಿಗಿಂತ ಹೆಚ್ಚು. ಅಷ್ಟನ್ನೂ ಬ್ರೇಕಿಗೇ ಬಿಟ್ಟರೆ ತಟ್ಟೆಗಳು ಕಾದು, ಬ್ರೇಕ್ ಆಯಿಲ್ ಕುದಿದು, ಪೆಡಲ್ ಒತ್ತಿದರೆ ಮೆತ್ತಗೆ ಒಳಗೆ ಹೋಗಿಬಿಡುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಆದರೆ ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ತೇವ ಹೀರಿದ ಎಣ್ಣೆಗೆ ನಿಗದಿಯಾದ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಹಳೆಯ ಕಾರು ಕೊಂಡ ದಿನವೇ ಬ್ರೇಕ್ ಆಯಿಲ್ ಬದಲಿಸಿ ಎನ್ನುವುದು ಇದಕ್ಕೇ. ಇಳಿಯುವಾಗ ಕೆಳಗಿನ ಗೇರಿಗೆ ಹಾಕಿ ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಮಾಡಬೇಕು.

750 ಕೆಜಿ ಮೀರಿದ ಟ್ರೇಲರಿಗೆ ಅದರದೇ ಬ್ರೇಕ್ ಇರಲೇಬೇಕು. ಯುರೋಪಿನಲ್ಲಿ ಅದರ ಏರ್ಪಾಟು ಸರಳ, ಜಾಣತನದ್ದು. ಕಾರು ನಿಧಾನವಾದಾಗ ಟ್ರೇಲರ್ ಹಿಂದಿನಿಂದ ನುಗ್ಗಿ ಬರುತ್ತದೆ. ಆ ನೂಕು ಕೊಂಡಿಯ ಹಿಂದಿನ ದಂಡವನ್ನು ಒಳಕ್ಕೆ ತಳ್ಳುತ್ತದೆ, ದಂಡ ತಂತಿಗಳನ್ನು ಎಳೆಯುತ್ತದೆ, ತಂತಿಗಳು ಚಕ್ರದ ಬ್ರೇಕನ್ನು ಬಿಗಿಯುತ್ತವೆ. ವಿದ್ಯುತ್ತಿನ ವೈರಿಲ್ಲ, ಎಣ್ಣೆಯಿಲ್ಲ. ಟ್ರೇಲರ್ ತನ್ನ ನೂಕಿನಿಂದಲೇ ತನ್ನನ್ನು ತಡೆದುಕೊಳ್ಳುತ್ತದೆ.

ಏರಿನಲ್ಲಿ ಶಾಖದ ಹೊರೆ ಗೇರ್ ಬಾಕ್ಸಿನ ಮೇಲೆ ಬೀಳುತ್ತದೆ. ಅಮೆರಿಕದಲ್ಲಿ ಎಸ್‌ಎಇ ಜೆ2807 ಎಂಬ ಪರೀಕ್ಷೆಯಿದೆ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ 11.4 ಮೈಲಿಯ ಏರು ಅದರ ಮಾದರಿ. ಹೊರಗೆ 38 ಡಿಗ್ರಿ ಬಿಸಿಲು, ಒಳಗೆ ಎಸಿ ಪೂರ್ತಿ, ಹಿಂದೆ ಟ್ರೇಲರ್. ಏನೂ ಕೆಡದೆ ಹತ್ತಬೇಕು. ಹಿಂದೆ ತಯಾರಕರು ಒಬ್ಬರಿಗಿಂತ ಒಬ್ಬರು ದೊಡ್ಡ ಅಂಕಿ ಹೇಳಿಕೊಳ್ಳುತ್ತಿದ್ದರು. ಈ ಪರೀಕ್ಷೆ ಅವರಿಗೆಲ್ಲ ಒಂದೇ ಅಳತೆಗೋಲು ಕೊಟ್ಟಿತು.

ಹಳೆಯ ಕಾರಿನ ಮೈ ಓದುವುದು

ಇಷ್ಟು ತಿಳಿದವರು ಸಂತೆಗೆ ಹೋದಾಗ ಕಣ್ಣು ಬೇರೆಯಾಗಿರುತ್ತದೆ. ಮೊದಲು ಫಲಕ, ಆಮೇಲೆ ಕೊಂಡಿ. ಕಾರಿಗೆ ಈಗಾಗಲೇ ಕೊಂಡಿ ಇದೆಯೆಂದರೆ ದುಡ್ಡು ಉಳಿಯಿತು ನಿಜ, ಆದರೆ ಅದು ದುಡಿದ ಕಾರು ಎಂದೂ ಅರ್ಥ. ಗುಂಡನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಿರಿ. 50 ಮಿಲಿಮೀಟರ್ ಇದ್ದದ್ದು ಸವೆದು 49ಕ್ಕೆ ಇಳಿದಿದ್ದರೆ ಬದಲಿಸಲೇಬೇಕು. ಗುಂಡು ಸವೆದಷ್ಟು ಎಳೆದ ಕಾರಿನ ಕ್ಲಚ್ ಸವೆಯದೆ ಇರುತ್ತದೆಯೇ?

ಹಸ್ತಚಾಲಿತ ಗೇರಿನ ಕಾರಾದರೆ ಏರಿನಲ್ಲಿ ನಿಲ್ಲಿಸಿ ಹೊರಡಿಸಿ ನೋಡಿ. ಎಂಜಿನ್ ಸದ್ದು ಏರಿದರೂ ಕಾರು ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ. ಆಟೋಮ್ಯಾಟಿಕ್ ಆದರೆ ಯಾವ ಬಗೆಯದೆಂದು ಕೇಳಿ. ಟಾರ್ಕ್ ಕನ್ವರ್ಟರ್ ಇರುವ ಹಳೆಯ ಬಗೆಯಲ್ಲಿ ಎಂಜಿನ್ ಮತ್ತು ಗೇರಿನ ನಡುವೆ ಎಣ್ಣೆಯೇ ಕೊಂಡಿ. ಹೊರಡುವಾಗ ಅದು ಟಾರ್ಕನ್ನು ಹಿಗ್ಗಿಸುತ್ತದೆ, ಹುಟ್ಟುವ ಶಾಖವನ್ನು ತಂಪುಪೆಟ್ಟಿಗೆಗೆ ಒಯ್ಯುತ್ತದೆ. ಭಾರಕ್ಕೆ ಅದೇ ಮೇಲು. ಅದರ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಆ ಕಾರು ಬೇಡ. ಒಣ ಕ್ಲಚ್ಚಿನ ಸಣ್ಣ ಆಟೋಮ್ಯಾಟಿಕ್ ಗೇರ್ ಬಾಕ್ಸುಗಳು ಭಾರೀ ಎಳೆತಕ್ಕೆ ಹೇಳಿ ಮಾಡಿಸಿದವಲ್ಲ. ಆಮೇಲೆ ಕೆಳಗೆ ಬಗ್ಗಿ ಟಾರ್ಚ್ ಹಿಡಿದು ಹಿಂದಿನ ಸ್ಪ್ರಿಂಗು, ಕೊಂಡಿ ಕೂತಿರುವ ಚಾಸಿಯ ಭಾಗ ನೋಡಿ. ಬ್ರಿಟನ್ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ನಾಡು, ತುಕ್ಕು ಸುಳ್ಳು ಹೇಳುವುದಿಲ್ಲ. ಬ್ರಿಟನ್ನಿನಲ್ಲಿ ಕಾರಿನ ನೋಂದಣಿ ಸಂಖ್ಯೆ ಹಾಕಿದರೆ ವಾರ್ಷಿಕ ತಪಾಸಣೆಯ ಹಳೆಯ ಫಲಿತಾಂಶಗಳು ಸರ್ಕಾರದ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಓಡಿದ ಮೈಲಿ, ಸೋತ ಬ್ರೇಕು, ಎಚ್ಚರಿಸಿದ ತುಕ್ಕು ಎಲ್ಲವೂ ಅಲ್ಲಿರುತ್ತವೆ.

ಅಗ್ಗಕ್ಕೂ ಒಂದು ಕಾರಣವಿರುತ್ತದೆ. ಲಂಡನ್ನಿನ ಹೊಗೆ ನಿಯಂತ್ರಣ ವಲಯ 2023ರ ಆಗಸ್ಟ್ 29ರಂದು ಇಡೀ ನಗರಕ್ಕೆ ವ್ಯಾಪಿಸಿತು. ಯುರೋ 6 ಮಾನದಂಡ ಮುಟ್ಟದ ಡೀಸೆಲ್ ಕಾರು, ಅಂದರೆ ಹೆಚ್ಚುಕಡಿಮೆ 2015ಕ್ಕಿಂತ ಹಳೆಯದು, ಅಲ್ಲಿ ದಿನಕ್ಕೆ 12.50 ಪೌಂಡ್ ತೆರಬೇಕು. ನಗರದವರಿಗೆ ಬೇಡವಾದ ಆ ಕಾರುಗಳೇ ಹಳ್ಳಿಯಲ್ಲಿರುವ ಕ್ಯಾರವಾನಿಗರಿಗೆ ಒದಗಿ ಬರುತ್ತವೆ. 2002ರಿಂದ 2014ರವರೆಗೆ ತಯಾರಾದ ಮೊದಲ ತಲೆಮಾರಿನ ವೋಲ್ವೋ ಎಕ್ಸ್‌ಸಿ90 ಅಂಥದೊಂದು: ಎರಡು ಟನ್ ಮೈತೂಕ, ಐದು ಸಿಲಿಂಡರಿನ ಡೀಸೆಲ್, 2,250 ಕೆಜಿ ಎಳೆಯುವ ಅನುಮತಿ. 2004ರಲ್ಲಿ ಬಂದ ಲ್ಯಾಂಡ್ ರೋವರ್ ಡಿಸ್ಕವರಿ 3 ಇನ್ನೂ ಮುಂದೆ ಹೋಗಿ 3,500 ಕೆಜಿ ಎಳೆಯುತ್ತದೆ. ಕುದುರೆ ಸಾಗಿಸುವವರಿಗೆ ಅದು ಬೇಕು. ಆದರೆ ಗಾಳಿಯ ಸಸ್ಪೆನ್ಷನ್ ಇರುವ ಹಳೆಯ ದೊಡ್ಡ ಗಾಡಿಯ ಬೆಲೆ ಇಳಿದಿದ್ದರೂ ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ. 1,500 ಕೆಜಿ ಕ್ಯಾರವಾನಿಗೆ 3,500 ಕೆಜಿ ಎಳೆಯುವ ಕಾರು ಕೊಂಡರೆ, ಬೇಡದ ಶಕ್ತಿಗೆ ಪ್ರತಿ ತಿಂಗಳೂ ಇಂಧನದ ಮತ್ತು ರಿಪೇರಿಯ ಬಾಡಿಗೆ ಕಟ್ಟಿದಂತೆ.

ಆದ್ದರಿಂದ ಕೊಳ್ಳುವ ಕ್ರಮ ಹೀಗಿರಲಿ. ಮೊದಲು ನಿಮ್ಮ ಟ್ರೇಲರನ್ನು ತುಂಬಿಸಿ ತೂಗಿಸಿ. ಆ ತೂಕವನ್ನು 0.85ರಿಂದ ಭಾಗಿಸಿ, ಅಷ್ಟು ತೂಗುವ ಕಾರು ಹುಡುಕಿ. ಫಲಕದ ಎರಡನೆಯ ಸಾಲಿನಿಂದ ಮೊದಲನೆಯದನ್ನು ಕಳೆದು ನೋಡಿ. ಕೊಂಡಿಯ ಚೀಟಿ ಓದಿ. ಬೆಲೆಯಲ್ಲಿ ಚೌಕಾಸಿ ಮಾಡಿ ಉಳಿಸಿದ ಹಣದಲ್ಲಿ ಹೊಸ ಬ್ರೇಕ್ ಆಯಿಲ್, ಹೊಸ ಗೇರ್ ಆಯಿಲ್, ನಾಲ್ಕು ಒಳ್ಳೆಯ ಟೈರು ಹಾಕಿಸಿ. ಎಂಜಿನ್ ಎಷ್ಟು ಅಶ್ವಶಕ್ತಿಯದೆಂದು ಕೊನೆಗೆ ಕೇಳಿದರೂ ಸಾಕು.